ವಾಲಿದ ಕೊಳವೆ

ನನ್ನ ಲ್ಯಾಬಿನ ಮೇಲೆ ಅಕ್ಕನಿಗೆ ಎಳ್ಳಷ್ಟೂ ನಂಬಿಕೆಯಿಲ್ಲ. "ನನ್ನ ಗೆಣ್ಣು ನೋಯ್ತಿದೆ ಅಂತ ನನಗೇ ಗೊತ್ತು. ಅದನ್ನ ಹೇಳೋಕೆ ನಿನ್ನ ಗಾಜಿನ ಕೊಳವೆ ಬೇರೆ ಬೇಕಾ?" ಎನ್ನುತ್ತಾಳೆ. ಅವಳು ಗಡಿಯಾರ ರಿಪೇರಿ ಮಾಡುವವಳು. ಸಂಧಿವಾತ ಬಂದ ಮೇಲೆ ಚಿಮಟ ಹಿಡಿಯಲಾಗದೆ ಅಂಗಡಿಯ ಬಾಗಿಲು ಅರ್ಧ ಮುಚ್ಚಿದೆ. ಬಾಯಿಗೆ ಮಾತ್ರ ರಜೆಯಿಲ್ಲ.

ವಾರಕ್ಕೊಮ್ಮೆ ನುಂಗುವ ಹೊಸ ಮಾತ್ರೆ ಶುರುವಾಗಿ ಕೆಲವು ತಿಂಗಳಾಗಿತ್ತು. ತಿಂದ ದಿನವೆಲ್ಲ ಹೊಟ್ಟೆ ತೊಳೆಸುತ್ತಿತ್ತು, ನೋವು ಇದ್ದಲ್ಲೇ ಇತ್ತು. ಕೆಲವರಲ್ಲಿ ಮಾತ್ರೆಯ ಗುಣ ಮೊದಲು ರಕ್ತದಲ್ಲಿ ಕಾಣುತ್ತದೆ, ನೋವು ಆಮೇಲೆ ಇಳಿಯುತ್ತದೆ, ರಕ್ತದಲ್ಲಿ ಉರಿಯೂತ ಇಳಿದಿದ್ದರೆ ಇದನ್ನೇ ಮುಂದುವರಿಸೋಣ ಎಂದಿದ್ದರು ಡಾಕ್ಟರು. ಅಕ್ಕನ ತೀರ್ಪು ಬೇರೆ: "ಇವತ್ತೂ ಇಳಿದಿಲ್ಲ ಅಂದ್ರೆ ಮಾತ್ರೆನೂ ಬೇಡ, ಡಾಕ್ಟ್ರೂ ಬೇಡ. ಅಂಗಡಿ ಯಾರಿಗಾದ್ರೂ ಕೊಟ್ಟುಬಿಡ್ತೀನಿ." ಅವಳು ಹೇಳಿದ್ದನ್ನು ಮಾಡಿಯೇ ತೀರುವವಳು. ನನ್ನ ಭಯವೂ ಅದೇ.

ಅವಳ ರಕ್ತ ತೆಗೆದು ಸಪೂರ ಕೊಳವೆಗೆ ತುಂಬಿ ಸ್ಟ್ಯಾಂಡಿನಲ್ಲಿ ನಿಲ್ಲಿಸಿದೆ. ಒಂದು ಗಂಟೆ ಅದನ್ನು ಮುಟ್ಟುವಂತಿಲ್ಲ. ಮೈಯಲ್ಲಿ ಉರಿಯೂತ ಹೆಚ್ಚಿದ್ದರೆ ಕೆಂಪು ಕಣಗಳು ಒಂದಕ್ಕೊಂದು ಅಂಟಿಕೊಂಡು ಬೇಗ ತಳಕ್ಕಿಳಿಯುತ್ತವೆ, ಮೇಲೆ ಹಳದಿ ತಿಳಿ ಉಳಿಯುತ್ತದೆ. ಕಡಿಮೆಯಿದ್ದರೆ ನಿಧಾನ. ದಿನಾ ಮಾಡುವ ಪರೀಕ್ಷೆ, ಆದರೂ ಅಂದು ಗಡಿಯಾರ ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸಲಿಲ್ಲ.

ಗಂಟೆ ಕಳೆದು ನೋಡಿದರೆ ಕೆಂಪು ಹೆಚ್ಚುಕಡಿಮೆ ಹಿಂದಿನ ಸಲದಷ್ಟೇ ಕುಸಿದಿತ್ತು.

"ನಾನು ಹೇಳ್ಲಿಲ್ವಾ?" ಎಂದು ಅಕ್ಕ ಎದ್ದು ಚೀಲವನ್ನು ಮೊಣಕೈಗೆ ಸಿಕ್ಕಿಸಿಕೊಂಡಳು. ಬೆರಳಲ್ಲಿ ಹಿಡಿಯಲಾಗುವುದಿಲ್ಲ. ನನಗೆ ಅಳು ಬಂತು. ಅದನ್ನು ಮರೆಮಾಚಲು ಮೇಜು ಒರೆಸೋಣವೆಂದು ಬಟ್ಟೆ ಎಳೆದೆ. ಅದು ಬರಲಿಲ್ಲ. ಸ್ಟ್ಯಾಂಡಿನ ಒಂದು ಕಾಲು ಅದರ ಮೇಲೆ ಕೂತಿತ್ತು! ಕೊಳವೆ ವಾಲಿದರೆ ಕಣಗಳು ಗಾಜಿನ ಮೇಲೆ ಜಾರಿ ಸುಮ್ಮಸುಮ್ಮನೆ ಬೇಗ ಇಳಿಯುತ್ತವೆ ಎಂದು ಹೊಸಬರಿಗೆಲ್ಲ ಬೈದು ಪಾಠ ಹೇಳುವವಳು ನಾನೇ.

"ಅಕ್ಕಾ, ಕೂತ್ಕೋ. ನಂದೇ ಎಡವಟ್ಟು. ಉಳಿದ ರಕ್ತದಲ್ಲಿ ಇನ್ನೊಂದು ಸಲ ಇಡ್ತೀನಿ."

"ನಿನಗೆ ಬೇಕಾದ ಉತ್ತರ ಬರೋ ತನಕ ಇಡ್ತಾನೇ ಇರ್ತೀಯಾ?"

"ಇದೊಂದೇ ಸಲ. ಆಮೇಲೆ ನೀನು ಹೇಳಿದ್ದೇ ಆಗ್ಲಿ."

ಈ ಸಲ ಸ್ಟ್ಯಾಂಡು ಮಟ್ಟವಾಗಿದೆಯೇ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ಅಕ್ಕ ಮೊದಲು ಗೊಣಗಿದಳು, ಆಮೇಲೆ ಕುರ್ಚಿ ಹತ್ತಿರಕ್ಕೆಳೆದುಕೊಂಡಳು. ಹೊತ್ತು ಹೋದಂತೆ ಅವಳ ಮುಖ ಕೊಳವೆಯ ಹತ್ತಿರ ಹತ್ತಿರ ಬಂತು. ಗಂಟೆ ತುಂಬಿದರೂ ಕೆಂಪು ಜಗ್ಗಲಿಲ್ಲ. ಅದರ ನೆತ್ತಿಯ ಮೇಲೆ ಉಗುರಿನಷ್ಟು ತಿಳಿ, ಅಷ್ಟೇ. ವರ್ಷಗಳಿಂದ ಸಾವಿರಾರು ಜನರ ರಕ್ತ ಹೀಗೆ ನಿಲ್ಲಿಸಿದ್ದೇನೆ, ಒಂದು ದಿನವೂ ಬೆರಗಾದವಳಲ್ಲ. ಅಂದು ಮೈ ಜುಮ್ಮೆಂದಿತು. ಯಾರ ಕಣ್ಣಿಗೂ ಬೀಳದೆ, ಅವಳಿಗೇ ತಿಳಿಯದೆ, ಅವಳೊಳಗೆ ಎಷ್ಟೊಂದು ನಡೆದುಹೋಗಿತ್ತು!

"ಇದು ನಂದೇನಾ?" ಅಕ್ಕ ಪಿಸುಗುಟ್ಟಿದಳು.

"ನಿಂದೇ."

ಅವಳು ತನ್ನ ಊದಿದ ಕೈಯನ್ನು ಕೊಳವೆಯ ಪಕ್ಕ ಹಿಡಿದು ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡಿದಳು. "ಮತ್ತೆ ಇದ್ಯಾಕೆ ಹೀಗೇ ಇದೆ?"

"ರಕ್ತಕ್ಕೆ ಗೊತ್ತಾಗಿದೆ ಅಕ್ಕಾ. ಕೈಗಿನ್ನೂ ಸುದ್ದಿ ಮುಟ್ಟಿಲ್ಲ."

ಅವಳು ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಚೀಲದಿಂದ ಮಾತ್ರೆಯ ಪಟ್ಟಿಯನ್ನು ಹೇಗೋ ಹೊರಗೆಳೆದು ನನ್ನ ಮುಂದೆ ಚಾಚಿದಳು.

"ಇವತ್ತೇ ಕಣೇ ವಾರದ ಮಾತ್ರೆ. ಬೇಕಂತಲೇ ತಗೊಂಡಿರ್ಲಿಲ್ಲ. ಬಿಡಿಸಿ ಕೊಡು."