ಕಹಿ ಇದ್ದದ್ದು ಹಾಲಿನಲ್ಲಲ್ಲ

ನಾಲ್ಕು ತಿಂಗಳ ಸಾಂದು ಅಳುವುದನ್ನೇ ಬಿಟ್ಟಿದ್ದ. ಅಜ್ಜಿ ಪ್ರೊಫಿರಾ ಅದನ್ನು ಹೊಟ್ಟೆ ತುಂಬಿದ ಲಕ್ಷಣವೆಂದೇ ತಿಳಿದಿದ್ದಳು. ದಿನಕ್ಕೆ ಐದು ಸೀಸೆ ಕ್ಯಾಮೊಮೈಲ್ ಹೂವಿನ ಸಕ್ಕರೆ ಕಷಾಯ ಕುಡಿಸಿ ತೊಟ್ಟಿಲು ತೂಗುವಳು. ಸೊಸೆ ಅಂಗೆಲೀನಾ ಬೆಳಿಗ್ಗೆ ಆರರಿಂದ ಹೊಗೆಸೊಪ್ಪು ಒಣಗಿಸುವ ಕೊಟ್ಟಿಗೆಯಲ್ಲಿ ಕೂಲಿಗೆ ಹಸಿ ಎಲೆಗಳನ್ನು ದಾರಕ್ಕೆ ಪೋಣಿಸುತ್ತಿದ್ದಳು. ಮಧ್ಯಾಹ್ನ ಓಡಿಬಂದು ಮಗುವನ್ನು ಎದೆಗೆ ಹಾಕಿಕೊಂಡರೆ ಅದು ಮುಖ ಕಿವುಚುತ್ತಿತ್ತು. ಹೊಗೆಸೊಪ್ಪು ಪೋಣಿಸುವವಳ ಹಾಲು ಕಹಿಯಾಗುತ್ತದೆಂದು ನೀಸ್ತ್ರು ನದಿಯ ದಡದ ಆ ಊರೆಲ್ಲ ನಂಬಿತ್ತು.

ಗುರುವಾರ ಮಧ್ಯಾಹ್ನ, ಅಂಗೆಲೀನಾ ಮನೆಗೆ ಬಂದಿದ್ದಾಗಲೇ, ದಾದಿ ಎವ್ದೋಕಿಯಾ ತಕ್ಕಡಿಯೊಡನೆ ಬಂದಳು. ಎರಡು ತಿಂಗಳ ಹಿಂದೆ ಮಗುವಿನ ತೂಕ ನಾಲ್ಕು ಕಿಲೋ ಒಂಬೈನೂರು ಗ್ರಾಂ. ಈಗ ಐದು ಕಿಲೋ ನೂರು.

"ಬರೀ ಇನ್ನೂರು ಗ್ರಾಂ! ಒಂದು ಕಿಲೋ ಆದ್ರೂ ಏರಬೇಕಿತ್ತು. ಏನು ಕೊಡ್ತಿದ್ದೀಯ ಪ್ರೊಫಿರಕ್ಕ?"

"ನನ್ನನ್ನೇನು ಕೇಳ್ತೀಯ? ಇವಳ ಕಹಿ ಹಾಲನ್ನ ಕೇಳು. ಮೂರು ಹೆತ್ತವಳಿಗೆ ಪಾಠ ಹೇಳೋಕೆ ಬಂದ್ಲು!"

"ನಿನ್ನ ಹಸುವಿನ ಕರುವಿಗೂ ಹೂವಿನ ನೀರೇ ಕುಡಿಸ್ತೀಯಾ?"

"ತಲೆ ಕೆಟ್ಟಿದೆಯಾ ನಿಂಗೆ? ಕರು ಸತ್ತೇ ಹೋಗತ್ತೆ!"

ಆಡಿದ ಮಾತು ತನ್ನ ಕಿವಿಗೇ ಬಡಿದು ಪ್ರೊಫಿರಾ ಕೈಯಲ್ಲಿದ್ದ ಸೀಸೆಯನ್ನು ಕೆಳಗಿಟ್ಟಳು.

ಎವ್ದೋಕಿಯಾ ಬಿಡಲಿಲ್ಲ. ಚಮಚೆಗೆ ಒಂದು ಹನಿ ಎದೆಹಾಲು ಹಿಂಡಿಸಿ ಮುದುಕಿಯ ನಾಲಿಗೆಗೆ ಇಟ್ಟಳು. ಸಿಹಿ. ಆಮೇಲೆ ಅಂಗೆಲೀನಾಳ ಕಪ್ಪು ಅಂಟು ಮೆತ್ತಿದ ಬೆರಳನ್ನು ತಾಕಿಸಿದಳು.

"ಥೂ! ಥೂ!" ಪ್ರೊಫಿರಾ ಅಂಗಳಕ್ಕೇ ಓಡಿ ಉಗುಳಿದಳು.

"ಕಹಿ ಕೈಯಲ್ಲಿದೆ, ರವಿಕೆಯಲ್ಲಿದೆ. ಹಸಿ ಎಲೆಯ ವಿಷ ಚರ್ಮದೊಳಕ್ಕೂ ಇಳಿಯತ್ತೆ. ಇವಳು ಎಲೆ ಮುಟ್ಟಲೇಬಾರದು. ಮಗು ಚೀಪಿದಷ್ಟೂ ಹಾಲು ಬರತ್ತೆ. ಪುಟ್ಟ ಹೊಟ್ಟೆಗೆ ನೀರು ತುಂಬಿದ್ರೆ ಹಾಲಿಗೆ ಜಾಗ ಎಲ್ಲಿದೆ?"

"ಮೇಸ್ತ್ರಿ ನೆಸ್ತೋರ್ ಕೈಗವಸೇ ಕೊಡಲ್ಲ," ಎಂದಳು ಅಂಗೆಲೀನಾ. "ಹಾಲು ಕುಡಿಸಿ ಬರ್ತೀನಿ ಅಂದ್ರೆ, ಹೋದವಳು ಅಲ್ಲೇ ಇರು ಅಂತಾನೆ."

ಅಂಗೆಲೀನಾ ಕೈಗೆ ಕಾಯಿ ಟೊಮೇಟೊ ತಿಕ್ಕಿ ಅಂಟು ಬಿಡಿಸಿ, ಸಾಬೂನು ಹಚ್ಚಿ ತೊಳೆದು, ರವಿಕೆ ಬದಲಿಸಿದ ಮೇಲೆ ಸಾಂದು ಮುಖ ತಿರುಗಿಸಲಿಲ್ಲ. ಅವನು ಗುಟುಕರಿಸುವ ಸದ್ದು ಕೇಳುತ್ತ ಪ್ರೊಫಿರಾ ಕಷಾಯವನ್ನು ಬೇಲಿಯಾಚೆ ಚೆಲ್ಲಿದಳು. ಎರಡು ತಿಂಗಳು ಸೊಸೆಯನ್ನು ಬೈದ ಸಿಟ್ಟೆಲ್ಲ ಈಗ ಮೇಸ್ತ್ರಿಯ ಕಡೆಗೆ ತಿರುಗಿತ್ತು.

ಮರುದಿನ ಒಂಬತ್ತಕ್ಕೆ ಮಗುವನ್ನೆತ್ತಿಕೊಂಡು ಹೋಗಿ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಕೂತಳು.

"ಏಳಜ್ಜಿ, ಸೊಪ್ಪಿನ ಗಾಡಿ ಬರ್ತಿದೆ," ಎಂದ ನೆಸ್ತೋರ್.

"ನಿನ್ನ ಹಸುವಿನ ಕರುವಿಗೆ ಹಾಲು ಬಿಡ್ತೀಯಲ್ಲ, ನನ್ನ ಮೊಮ್ಮಗ ಅದಕ್ಕಿಂತ ಕಡೆಯಾ? ನನ್ನ ಸೊಸೆಗೆ ದಾರ ಹೊಸೆಯೋ ಕೆಲಸ ಕೊಡು, ಹಾಲು ಕುಡಿಸೋಕೆ ಬಿಡುವು ಕೊಡು. ಅಲ್ಲೀವರೆಗೂ ನಾನು ಏಳಲ್ಲ. ಬೇಕಿದ್ರೆ ಗಾಡಿ ನನ್ನ ಮೇಲೇ ಹೋಗ್ಲಿ."

ಒಳಗಿದ್ದ ಹನ್ನೊಂದು ಹೆಂಗಸರೂ ಸೂಜಿ ಕೆಳಗಿಟ್ಟರು. ಹತ್ತೂವರೆಗೆ ನೆಸ್ತೋರ್ ಒಪ್ಪಿದ, ಎಲೆ ಪೋಣಿಸುವವರಿಗೆಲ್ಲ ಕೈಗವಸುಗಳೂ ಬಂದವು.

ಒಂದು ತಿಂಗಳ ಬಳಿಕ ಸಾಂದು ಐದು ಕಿಲೋ ಒಂಬೈನೂರು ತೂಗಿದ. ಈಗ ಹಸಿವಾದರೆ ಊರು ಕೇಳುವಂತೆ ಅಳುತ್ತಾನೆ.

ತಾಯಂದಿರೇ, ಅತ್ತೆಯಂದಿರೇ, ಆರು ತಿಂಗಳು ತುಂಬುವವರೆಗೆ ಮಗುವಿಗೆ ಎದೆಹಾಲೊಂದೇ ಸಾಕು. ನೀರೂ ಬೇಡ, ಕಷಾಯವೂ ಬೇಡ. ಪ್ರತಿ ತಿಂಗಳು ತೂಕ ನೋಡಿಸಿ; ಏರದಿದ್ದರೆ ಅಂದೇ ದಾದಿಯನ್ನು ಕೇಳಿ. ಬಾಣಂತಿಯನ್ನು ದುಡಿಸಿಕೊಳ್ಳುವವರೇ, ಅವಳು ಹಾಲೂಡಿಸುವ ಅರ್ಧ ಗಂಟೆ ನಿಮ್ಮದಲ್ಲ. ಅದು ಮಗುವಿನದು. ಅದನ್ನು ಕದಿಯಬೇಡಿ.