ನಡುಮನೆಗೆ ಬಂದ ಲೆಕ್ಕ

ಹೊಲಿಗೆ ವಿಭಾಗದ ಹೆಂಗಸರು ಟಾಯ್ಲೆಟ್ಟಿಗೆ ಹೋಗಿಬಂದ ಹೊತ್ತನ್ನು ಅವರ ರಜೆಯಿಂದ ಕಳೆಯಲಾಯಿತು.

ರಜೆ ಕರಗಿದೆ ಎಂದು ಮೊದಲು ಗೊತ್ತಾದದ್ದು ಅತ್ತಿಗೆಗೆ. ಕಾಲರ್ ಹೊಲಿಯುವ ಸಾಲಿನಲ್ಲಿ ಕೂರುವವಳು ಅವಳು. ಮುಂದಿನ ವಾರ ಅವಳ ತಾಯಿಯ ಕಣ್ಣಿನ ಆಪರೇಷನ್. ಕೈಹಿಡಿದು ಕರೆದೊಯ್ಯಲು ಬೇರೆ ಯಾರೂ ಇಲ್ಲ. ಆ ದಿನಕ್ಕೆಂದೇ ಜ್ವರ ಬಂದರೂ ಮೈ ಕೊಡವಿಕೊಂಡು ಕೆಲಸಕ್ಕೆ ಬಂದು ರಜೆ ಕೂಡಿಟ್ಟಿದ್ದಳು. ಬಾಗಿಲ ಪಕ್ಕದ ಪರದೆಗೆ ಕಾರ್ಡು ಹಿಡಿದಾಗ 'ರಜೆ ಉಳಿದಿಲ್ಲ' ಎಂದಿತು.

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ನಾದಿನಿಯನ್ನು ಹಿಡಿದುಕೊಂಡಳು. ನಾದಿನಿಯದೂ ಅದೇ ಕಾರ್ಖಾನೆ, ಆದರೆ ಮೇಲಿನ ಮಹಡಿ. ಗುಂಡಿಯ ಡಬ್ಬಗಳನ್ನು ಪೇರಿಸಿಟ್ಟ ಕೋಣೆಯ ಮೂಲೆಯಲ್ಲಿ ಅವಳದೊಂದು ಕಂಪ್ಯೂಟರ್. ಹಾಜರಿ, ರಜೆ, ಬಾಗಿಲು ಎಲ್ಲವನ್ನೂ ನಡೆಸುವ ಪ್ರೋಗ್ರಾಮಿನ ಆರೈಕೆ ಅವಳದು. ನೌಕರಿ ಕಾಯಂ ಅಲ್ಲ, ಗುತ್ತಿಗೆ. ಕೀಲಿಮಣೆಯ ಸದ್ದು ಕೇಳಿ ಕೆಳಗಿನ ಹೆಂಗಸರು ಅವಳಿಗೆ ಇಟ್ಟ ಹೆಸರು ಟಕಟಕಿ.

"ಲೇ ಟಕಟಕಿ, ನನ್ನ ರಜೆ ಯಾರೇ ತಿಂದಿದ್ದು?"

"ನಂಗೇನು ಗೊತ್ತು ಅತ್ತಿಗೆ?"

"ನಿಂಗೆ ಗೊತ್ತಿಲ್ದೆ ಇದ್ರೆ ನಿನ್ನ ಪೆಟ್ಟಿಗೆಗೆ ಗೊತ್ತಿರುತ್ತೆ. ಕೇಳ್ಕೊಂಡು ಬಾ."

ಊಟಕ್ಕೆ ಕೂತಾಗ ಟಕಟಕಿಗೆ ಒಂದು ನೆನಪಾಯಿತು. ತಿಂಗಳ ಮೊದಲಿನಲ್ಲಿ ಮ್ಯಾನೇಜರು ಅವಳ ಕೋಣೆಗೆ ಬಂದಿದ್ದರು. ಎದುರಿಗೆ ಸಿಕ್ಕವರ ಮುಖಕ್ಕಿಂತ ತಮ್ಮ ಕೈಗಡಿಯಾರವನ್ನೇ ಹೆಚ್ಚು ನೋಡುತ್ತಿದ್ದುದರಿಂದ ಅವರು ಎಲ್ಲರ ಬಾಯಲ್ಲೂ ವಾಚ್ ಸಾಹೇಬರು.

"ಹೆಡ್ಡಾಫೀಸಿಂದ ಒಂದು ಸ್ಕ್ರಿಪ್ಟ್ ಬಂದಿದೆ. ಹೊಲಿಗೆಯವರ ರಜೆ ಲೆಕ್ಕಕ್ಕೆ. ಒಳಗೇನಿದೆ ಅಂತ ನೋಡೋದು ನಿನ್ನ ಕೆಲಸ ಅಲ್ಲ. ಊಟದ ಹೊತ್ತಿಗೆ ನಮ್ಮ ಪ್ರೋಗ್ರಾಮಿಗೆ ಸೇರಿಸಿಬಿಡು."

ಸ್ಕ್ರಿಪ್ಟ್ ಎಂದರೆ ಕಂಪ್ಯೂಟರು ಮಾಡಬೇಕಾದ ಕೆಲಸಗಳ ಬರಹ; ಹೊರಗಿನ ಅಂಥದ್ದನ್ನು ಪ್ರೋಗ್ರಾಮಿನ ಒಳಗೆ ಕರೆದುಕೊಳ್ಳಲು ಎರಡು ದಾರಿ. ಅದಕ್ಕೆ ಅದರದೇ ಕೋಣೆ ಕೊಟ್ಟು ಮಾಡ್ಯೂಲ್ ಆಗಿ ಕೂರಿಸುವುದು ಒಂದು. ಆಗ ಅದರ ಪಾತ್ರೆಪಡಗ, ಅದರ ಹೆಸರುಗಳು, ಅದರ ರಗಳೆ ಎಲ್ಲ ಅದರ ಕೋಣೆಯೊಳಗೇ ಉಳಿಯುತ್ತವೆ. ಬೇಕಾದವರು ಕದ ತಟ್ಟಿ ಕೇಳಿದರೆ, ಕೇಳಿದ್ದನ್ನಷ್ಟೇ ಕಿಟಕಿಯಿಂದ ಕೊಡುತ್ತದೆ. ಇನ್ನೊಂದು, ತಂದು ನಡುಮನೆಯಲ್ಲಿ ಸುರಿಯುವುದು. ಅದು ಹಳೆಯ ದಾರಿ, ಸೋಮಾರಿಗಳ ದಾರಿ.

ಟಕಟಕಿ ಕೋಣೆ ಕೊಡುವವಳು. ಒಬ್ಬರ ಎಂಜಲು ಇನ್ನೊಬ್ಬರ ತಟ್ಟೆಗೆ ಬೀಳಬಾರದು ಎಂಬುದು ಅವಳ ಹಟ. ಆದರೆ ಅಂದು ವಾಚ್ ಸಾಹೇಬರು ಬಾಗಿಲಲ್ಲೇ ನಿಂತು ಗಡಿಯಾರ ನೋಡುತ್ತಿದ್ದರು. ಹೊಟ್ಟೆ ಬೇರೆ ಹಸಿದಿತ್ತು. ತೆರೆದು ನೋಡಲಿಲ್ಲ, ಕೋಣೆಯನ್ನೂ ಕೊಡಲಿಲ್ಲ. ನಡುಮನೆಗೆ ಸುರಿದು ಊಟಕ್ಕೆ ಎದ್ದಿದ್ದಳು.

ಅತ್ತಿಗೆ ಕೇಳಿದ ಮರುದಿನ ಆ ಸ್ಕ್ರಿಪ್ಟನ್ನು ತೆರೆದು ಓದಿದಳು. ಕಾರ್ಡು ಹಿಡಿದರೇ ಟಾಯ್ಲೆಟ್ಟಿನ ಬಾಗಿಲು ತೆರೆಯುವ ಕಟ್ಟಡ ಅದು. ಒಳಗೆ ಹೋದ ಕಾರ್ಡು ಹೊರಗೆ ಬರುವವರೆಗಿನ ಹೊತ್ತನ್ನು ಸ್ಕ್ರಿಪ್ಟು ಹನಿಹನಿಯಾಗಿ ರಜೆಯಿಂದ ಹೀರುತ್ತಿತ್ತು.

ಕೆಳಗಿಳಿದು ಹೋಗಿ ಅತ್ತಿಗೆಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಅತ್ತಿಗೆ ಮಷಿನ್ ನಿಲ್ಲಿಸಲಿಲ್ಲ.

"ನಿನ್ನ ಕೈಯಾರೆ ಮಾಡಿದ್ಯಾ?"

"ಹೂಂ. ತೆಗೆದು ನೋಡ್ಲಿಲ್ಲ ಅತ್ತಿಗೆ."

"ಕಾಲರ್ ಹೊಲಿಯೋಳು ನಾನು, ಬಟ್ಟೆ ಮಗುಚಿ ನೋಡ್ದೆ ಸೂಜಿ ಇಳಿಸಲ್ಲ. ನೀನು ಓದಿರೋಳಪ್ಪ, ನಿಂಗೆ ಕಣ್ಣು ಮುಚ್ಕೊಂಡೂ ಕಾಣುತ್ತೆ."

ಪಕ್ಕದ ಮಷಿನ್ನಿನ ತೋಳು ಹೊಲಿಯುವವಳು ಕಿಸಕ್ಕನೆ ನಕ್ಕಳು. ಊಟದ ಹೊತ್ತಿಗೆ ಸುದ್ದಿ ಸಾಲಿಡೀ ಹರಡಿತ್ತು. ನೀರಿನ ಬಾಟಲಿಗಳೆಲ್ಲ ತುಂಬಿದ ಹಾಗೇ ನಿಂತಿದ್ದವು. ಯಾರೂ ನೀರು ಕುಡಿಯುತ್ತಿರಲಿಲ್ಲ.

ಟಕಟಕಿ ವಾಚ್ ಸಾಹೇಬರ ಮುಂದೆ ಹೋಗಿ ನಿಂತಳು.

"ಸಾರ್, ಇದು ಅನ್ಯಾಯ."

"ಇದು ಶಿಸ್ತು. ಕಡಿಮೆ ಕುಡಿದ್ರೆ ಕಡಿಮೆ ಹೋಗ್ತಾರೆ. ನೀನು ನಿನ್ನ ಕೆಲಸ ನೋಡು."

ಹೀಗೆಂದವರು ಫೋನು ಎತ್ತಿಕೊಂಡು ಟಾಯ್ಲೆಟ್ಟಿನ ಕಡೆ ನಡೆದರು. ಸಾಹೇಬರು ಫೋನು ಹಿಡಿದು ಒಳಗೆ ಹೋದರೆ ಅಲ್ಲೇ ಸಂಸಾರ ಹೂಡುತ್ತಾರೆ ಎಂಬುದು ಕಟ್ಟಡಕ್ಕೇ ಗೊತ್ತಿದ್ದ ಸಂಗತಿ.

ಎರಡು ದಿನ ಕಳೆದಿರಬೇಕು. ವಾಚ್ ಸಾಹೇಬರು ದಡದಡ ಮೆಟ್ಟಿಲು ಹತ್ತಿ ಬಂದರು. ಹೆಂಡತಿ ಮಕ್ಕಳನ್ನು ಸಮುದ್ರ ತೋರಿಸಲು ಕರೆದೊಯ್ಯಬೇಕೆಂದು ರಜೆ ಕೇಳಲು ಪರದೆಗೆ ಕಾರ್ಡು ಹಿಡಿದಿದ್ದರಂತೆ.

"ರಜೆ ಉಳಿದಿಲ್ಲ ಅಂತಿದೆ ನಂಗೆ! ಮುಂದಿನ ವರ್ಷದ್ದೂ ಮುಗಿದಿದೆ ಅಂತಿದೆ!"

"ಅಷ್ಟು ಹೊತ್ತು ಒಳಗೇನು ಮಾಡ್ತೀರಿ ಸಾರ್?"

"ಅದು ನಿಂಗ್ಯಾಕೆ? ಅಕೌಂಟೆಂಟಿಗೂ ಹೀಗೇ ಆಗಿದೆ. ಪಾಪ, ಸಕ್ಕರೆ ಕಾಯಿಲೆ ಮನುಷ್ಯ. ಬೆಳಗ್ಗಿಂದ ಕಾಲ್ಮೇಲೆ ಕಾಲ್ ಹಾಕ್ಕೊಂಡು ಕೂತಿದ್ದಾನೆ."

ಟಕಟಕಿ ಪ್ರೋಗ್ರಾಮು ತೆರೆದಳು. ನೋಡಿದಳು. ಹಣೆ ಚಚ್ಚಿಕೊಂಡಳು.

ಕಾರ್ಖಾನೆಯ ಪ್ರೋಗ್ರಾಮಿನಲ್ಲಿ ಎಲ್ಲರ ರಜೆ ಎಣಿಸುವ ಹಳೆಯ ಲೆಕ್ಕವೊಂದಿತ್ತು. ಅದರ ಹೆಸರು 'ರಜೆ'. ಹೊರಗಿನಿಂದ ಬಂದ ಸ್ಕ್ರಿಪ್ಟಿನ ಲೆಕ್ಕಕ್ಕೂ ಅದೇ ಹೆಸರು. ಒಂದೇ ಕಡೆ ಒಂದೇ ಹೆಸರಿನವು ಎರಡಿದ್ದರೆ ಕಂಪ್ಯೂಟರು ಕೊನೆಗೆ ಬಂದದ್ದರ ಮಾತನ್ನೇ ಕೇಳುತ್ತದೆ. ಕೋಣೆ ಕೊಟ್ಟಿದ್ದರೆ ಇದರ ಪಾಡಿಗೆ ಇದು, ಅದರ ಪಾಡಿಗೆ ಅದು. ಮನೆಗೊಬ್ಬಳು ಅತ್ತೆ ಇರುವಾಗ ಇನ್ನೊಬ್ಬಳು ಅತ್ತೆಯನ್ನು ಕರೆತಂದು ನಡುಮನೆಯಲ್ಲಿ ಕೂರಿಸಿದರೆ ಏನಾದೀತು? ಹಳಬಳು ಮೂಲೆಗೆ, ಹೊಸಬಳ ಕಾರುಬಾರು ಸೊಸೆಯರ ಮೇಲೂ, ಮಕ್ಕಳ ಮೇಲೂ, ಕೊನೆಗೆ ಮನೆಯ ಯಜಮಾನನ ಮೇಲೂ. ಹಾಗೇ ಆಗಿತ್ತು.

"ನನ್ನ ತಪ್ಪು ಸಾರ್. ಕೋಣೆ ಕೊಡ್ಲಿಲ್ಲ, ನಡುಮನೆಗೆ ಬಿಟ್ಟೆ. ಅದಕ್ಕೇ ಎಲ್ಲರಿಗೂ ಅಂಟಿಕೊಂಡಿದೆ."

"ಕೊಡು ಹಾಗಾದ್ರೆ. ಕೆಳಗಿನೋರಿಗೆ ಮಾತ್ರ ತಾಗಬೇಕು ಅದು. ಮೇಲಕ್ಕೆ ವಾಸನೇನೂ ಬರಬಾರದು."

ಅವಳ ಬೆರಳು ಆಗಲೇ ಓಡಿತ್ತು. ಕೆಟ್ಟ ಕೆಲಸ ಕಣ್ಣಿಗೆ ಬಿದ್ದರೆ ಸರಿಮಾಡದೆ ಕೈ ಸುಮ್ಮನಿರದು. ಒಂದೇ ಸಾಲು. ಸ್ಕ್ರಿಪ್ಟಿಗೊಂದು ಕೋಣೆ, ಹೊಲಿಗೆಯವರ ಕಾರ್ಡು ಬಂದಾಗಷ್ಟೇ ಕದ ತಟ್ಟುವ ಏರ್ಪಾಡು. ಅಚ್ಚುಕಟ್ಟು. ಅವಳು ಕಲಿತ ವಿದ್ಯೆಗೆ ಒಪ್ಪುವಂಥದ್ದು. ಒತ್ತಿದರೆ ಮುಗಿಯಿತು.

ಅಷ್ಟರಲ್ಲಿ ಬಾಗಿಲಲ್ಲಿ ಅತ್ತಿಗೆ ಕಂಡಳು. ಹಿಂದೆ ತೋಳು ಹೊಲಿಯುವವಳು, ಗುಂಡಿ ಹಾಕುವವಳು, ಇಸ್ತ್ರಿಯವಳು. ಒಣಗಿದ ತುಟಿಗಳು. ರಜೆಯ ಮಾತು ಇತ್ಯರ್ಥ ಮಾಡಿಸಲು ಬಂದವರು ಸಾಹೇಬರ ಮಾತು ಕೇಳಿಸಿಕೊಂಡಿದ್ದರು.

ಟಕಟಕಿಯ ಬೆರಳು ಗಾಳಿಯಲ್ಲೇ ನಿಂತಿತು. ಕೋಣೆಯ ಕದ ಮುಚ್ಚಿದರೆ ಒಳಗಿನ ಕೂಗು ಮೇಲಿನ ಮಹಡಿಗೆ ಎಂದೂ ಕೇಳಿಸದು. ಅಚ್ಚುಕಟ್ಟು ಎಂದರೆ ಇಷ್ಟೇ ಏನು?

"ಒತ್ತು," ಎಂದರು ವಾಚ್ ಸಾಹೇಬರು. ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು. ಬೆಳಗಿನಿಂದ ಮೂರ್ನಾಲ್ಕು ಲೋಟ ಚಹಾ ಆಗಿತ್ತು. ಟಾಯ್ಲೆಟ್ಟಿನ ಬಾಗಿಲಿಗೆ ಕಾರ್ಡು ಹಿಡಿಯಲು ಮಾತ್ರ ಧೈರ್ಯವಿರಲಿಲ್ಲ.

"ತೆಗಿ ಅಂದ್ರೆ ತೆಗೀತೀನಿ ಸಾರ್, ಎಲ್ಲರಿಗೂ ಸೇರಿಸಿ."

"ತೆಗೆಯೋಕೆ ನಂಗೆ ಅಧಿಕಾರ ಇಲ್ಲ. ಕೋಣೆಗೆ ಹಾಕು."

ಅವಳು ಬರೆದ ಸಾಲನ್ನು ಕೊನೆಯಿಂದ ಅಳಿಸತೊಡಗಿದಳು. ಟಕ, ಟಕ, ಟಕ. ಬಾಗಿಲಲ್ಲಿದ್ದ ಹೆಂಗಸರಿಗೆ ಆ ಸದ್ದಿನ ಅರ್ಥ ಯಾರೂ ಹೇಳಬೇಕಾಗಲಿಲ್ಲ.

"ಈ ತಿಂಗಳಿಗೆ ನಿನ್ನ ಗುತ್ತಿಗೆ ಮುಗಿಯುತ್ತೆ, ನೆನಪಿದೆಯಾ? ಬೇರೆಯವರನ್ನ ಕರೆಸ್ತೀನಿ."

"ಕರೆಸಿ ಸಾರ್," ಅತ್ತಿಗೆ ಹೇಳಿದಳು. "ಯಾರೇ ಬಂದ್ರೂ ಕೆಳಗಿನ ಬಾಗಿಲಿಂದ್ಲೇ ಬರಬೇಕು. ಅಲ್ಲೇ ಕೂತಿರ್ತೀವಿ ನಾವು." ಸೊಂಟದಲ್ಲಿ ಸಿಕ್ಕಿಸಿದ್ದ ಬಾಟಲಿ ತೆಗೆದಳು. ಮುಚ್ಚಳ ತಿರುಗಿಸಿ, ಸಾಹೇಬರ ಮುಖ ನೋಡುತ್ತಲೇ, ಗಟಗಟ ನೀರು ಕುಡಿದಳು. ಬಾಟಲಿ ತೋಳು ಹೊಲಿಯುವವಳ ಕೈಗೆ ಹೋಯಿತು, ಅಲ್ಲಿಂದ ಇಸ್ತ್ರಿಯವಳ ಕೈಗೆ.

ಆ ಸದ್ದಿಗೆ ವಾಚ್ ಸಾಹೇಬರ ಮುಖ ಬೆವೆತಿತು. ಎರಡು ಮೊಣಕಾಲೂ ಒಂದಕ್ಕೊಂದು ಅಂಟಿಕೊಂಡವು.

"ನೋಡಮ್ಮ, ಒಂದೇ ಸಾಲು. ನಿಂಗೇನು ಕಷ್ಟ? ಒತ್ತಿಬಿಡು."

ಟಕಟಕಿ ಕೀಲಿಮಣೆಯನ್ನು ಪಕ್ಕಕ್ಕೆ ಸರಿಸಿ ಕೈ ಕಟ್ಟಿಕೊಂಡಳು.

"ಕೋಣೆ ಖಾಲಿ ಇಲ್ಲ ಸಾರ್. ನಡುಮನೇಲೇ ಇರ್ಲಿ."