ಮೂರನೇ ಮೊಳೆ

ರೇಸಿನ ಹಾಳೆ ಮಾರುವ ಎರ್ರಿಸ್ವಾಮಿ ಹೆಣದ ಬಲಗೈ ಹಿಡಿದು, ಯಾವ ಬೆರಳು ಮಡಚಿದೆ, ಯಾವುದು ಚಾಚಿದೆ ಎಂದು ಎಣಿಸುತ್ತಿದ್ದಾಗ ಉಚ್ಚೆಂಗೆಮ್ಮ ಒಳಗಿನಿಂದ ಬಂದು ಅವನ ಮುಂಗೈಗೆ ಹೊಡೆದಳು.

"ಬಿಡ್ರಿ ನಮ್ಮಪ್ಪನ ಕೈ."

"ನೋಡ್ತಿದ್ದೆ ಅಷ್ಟ, ತಂಗಿ. ಜೀವ ಹೋಗೋ ಹೊತ್ನ್ಯಾಗ ಮೂರು ಬೆರಳು ಎತ್ತಿದ್ನಂತಲ್ಲ. ಹೌದಿಲ್ಲೊ?"

"ಎತ್ತಿದ. ಎತ್ತಿದ್ದು ನನಗ, ನಿಮಗಲ್ಲ."

ಬಳ್ಳಾರಿಯ ಕೌಲ್ ಬಜಾರಿನ ಲಾಳದ ಅಂಗಡಿಯ ಮುಂದೆ ಪಕ್ಕೀರಪ್ಪನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆಗೆ ವಿಭೂತಿ, ಬಾಯಲ್ಲಿ ಎಲೆಯಡಿಕೆ, ಕೊರಳಲ್ಲಿ ಚೆಂಡುಹೂವಿನ ಸರ. ನಲವತ್ತು ವರ್ಷ ಕುದುರೆಗಳ ಕಾಲ ಕೆಳಗೆ ಬಗ್ಗಿದ್ದ ಬೆನ್ನು ಸತ್ತ ಮೇಲೂ ನೆಟ್ಟಗಾಗಲಿಲ್ಲ. ಎದೆಗೆ ಹಗ್ಗ ಬಿಗಿಯಬೇಕಾಯಿತು. ತೊಡೆಯ ಮೇಲಿದ್ದ ಬಲಗೈಯ ಮೂರು ಬೆರಳು ಹಾಗೇ ಚಾಚಿಕೊಂಡು ಸೆಟೆದಿದ್ದವು.

ಹೊತ್ತೇರುತ್ತಿದ್ದಂತೆ ಜನ ಕೂಡಿದರು. ಜಟಕಾದವರು, ಹತ್ತಿ ಅಂಗಡಿಯ ಗುಮಾಸ್ತರು, ಕೊರಳಿಗೆ ಚಿನ್ನದ ಎಳೆ ಹಾಕಿದ ದಲ್ಲಾಳಿಗಳು. ಕುರುಗೋಡಿನಿಂದ ಎತ್ತಿನ ಬಂಡಿಯಲ್ಲಿ ಬಂದಿಳಿದ ಪಕ್ಕೀರಪ್ಪನ ಅಕ್ಕ ಹನುಮಮ್ಮ ಅಳುವುದನ್ನು ನಿಲ್ಲಿಸಿ ಸುತ್ತ ನೋಡಿದಳು.

"ಎಷ್ಟು ಮಂದಿನ್ನ ಗಳಿಸ್ಯಾನ ನೋಡು ನಮ್ಮ ತಮ್ಮ" ಎಂದಳು.

ಸಾಲಿನಲ್ಲಿ ಮುಂದಿದ್ದ ದಲ್ಲಾಳಿ ಜೇಬಿನಿಂದ ಹತ್ತು ರೂಪಾಯಿಯ ನೋಟು ತೆಗೆದ. ಬಡವರ ಮನೆಯ ಮಣ್ಣಿನ ಖರ್ಚಿಗೆ ಕೊಡುತ್ತಾನೆಂದು ಹನುಮಮ್ಮ ಸೆರಗು ಮುಂದೆ ಮಾಡಿದಳು. ಅವನು ನೋಟನ್ನು ಹೆಣದ ಮೂರು ಬೆರಳಿಗೆ ಮುಟ್ಟಿಸಿ, ಕಣ್ಣಿಗೆ ಒತ್ತಿಕೊಂಡು, ಮತ್ತೆ ತನ್ನ ಜೇಬಿಗೆ ಇಟ್ಟುಕೊಂಡ. ಹಿಂದಿನವನೂ ಹಾಗೇ ಮಾಡಿದ. ಅವನ ಹಿಂದಿನವನೂ. ಹನುಮಮ್ಮನ ಸೆರಗು ಗಾಳಿಯಲ್ಲೇ ಉಳಿಯಿತು.

ಆ ಶನಿವಾರ ಸಂಜೆ ನಾಲ್ಕಕ್ಕೆ ದಂಡಿನ ಬಯಲಲ್ಲಿ ಕುದುರೆ ರೇಸು ಇತ್ತು. ದೊಡ್ಡ ರೇಸಿನಲ್ಲಿ ಮೂರನೇ ನಂಬರಿನ ಕುದುರೆ ಬಿಜಲಿ. ಸಿರುಗುಪ್ಪದ ಅಕ್ಕಿ ಮಿಲ್ಲಿನ ಸಾವುಕಾರ ಹಾಲಸಿದ್ದಪ್ಪನದು.

ಜಟಕಾದ ಮೂಕಪ್ಪ ಪಕ್ಕೀರಪ್ಪನ ಹಳೆಯ ಗೆಳೆಯ. ಅವನು ಉಚ್ಚೆಂಗೆಮ್ಮನನ್ನು ಬಾಗಿಲ ಮರೆಗೆ ಕರೆದು ಕೇಳಿದ, "ಮಂದಿ ಬಿಜಲಿ ಅಂತಾರ. ನಿನಗೇನ್ ಹೇಳಿದ್ನವ್ವ?"

"ಬಿಜಲೀದ ಹೇಳಿದ, ಕಾಕಾ. ಬಾಯಿ ಬಿದ್ದಿತ್ತು. ನನ್ನ ಅಂಗೈ ಮ್ಯಾಲೆ ಬೆರಳಿನಿಂದ ಗೊರಸು ಬರದ. ಹೊರಮಗ್ಗುಲದಾಗ ಒಂದು, ಎರಡು, ಮೂರು ಅಂತ ಒತ್ತಿದ. ಆಮ್ಯಾಲೆ ಮೂರು ಬೆರಳು ಎತ್ತಿದ. ಬಾಗಲಾಗ ನಿಂತೋರು ಬೆರಳಷ್ಟ ಕಂಡ್ರು." ಅವಳು ಧ್ವನಿ ತಗ್ಗಿಸಿದಳು. "ಮೂರನೇ ಮೊಳಿ ಕಾಕಾ. ಹಸಿಗೆ ಬಿದ್ದೈತಿ. ಅದನ್ನ ತೆಗಿ ಅಂತ ಹೇಳಿ ಸತ್ತ."

*

ಮೊಳೆ ಹಸಿಗೆ ಬಿದ್ದದ್ದು ಗುರುವಾರ. ಸಾವುಕಾರನ ಲಾಯದಲ್ಲಿ ಪಕ್ಕೀರಪ್ಪ ಬಿಜಲಿಯ ಹಿಂದಿನ ಎಡಗಾಲನ್ನು ತೊಡೆಗಳ ನಡುವೆ ಹಿಡಿದು ಲಾಳ ಹೊಡೆಯುತ್ತಿದ್ದ. ಉಚ್ಚೆಂಗೆಮ್ಮ ಮುಂದೆ ನಿಂತು ಕುದುರೆಯ ಮೂಗು ಸವರುತ್ತಿದ್ದಳು. ಗಂಡ ಸತ್ತು ತವರಿಗೆ ಬಂದ ಹತ್ತು ವರ್ಷದಿಂದ ಅವಳದು ಇದೇ ಕೆಲಸ. ಮೂರನೇ ಮೊಳೆ ಅರ್ಧ ಇಳಿದಾಗ ಕುದುರೆಯ ಚರ್ಮ ಅದುರಿತು.

"ತಡೀರಿ" ಎಂದ ಪಕ್ಕೀರಪ್ಪ. "ಮೊಳಿ ಹಸಿಗೆ ಬಿತ್ತು. ಜೀವದ ಮಾಂಸ ಚುಚ್ಚೈತಿ. ಹೊರಗ ತೆಗೀಬೇಕು. ಈ ವಾರ ಇದನ್ನ ಓಡಸಬ್ಯಾಡ್ರಿ, ಸಾವ್ಕಾರ್ರೆ."

"ನೀನು ಲಾಳ ಹೊಡಿಯಾಂವ. ಹೊಡಿ" ಎಂದ ಹಾಲಸಿದ್ದಪ್ಪ. "ಮದ್ರಾಸಿನಿಂದ ಜಾಕಿ ಬರಾಕತ್ಯಾನ. ಓಡಸ್ಬೇಕೋ ಬ್ಯಾಡೋ ನಾನು ನೋಡ್ಕೊಂತೀನಿ."

ಪಕ್ಕೀರಪ್ಪ ಸುತ್ತಿಗೆ ಬಿಟ್ಟು ಇಕ್ಕಳಕ್ಕೆ ಕೈ ಹಾಕಿದ. ಸಾವುಕಾರನಿಗೆ ಸಿಟ್ಟು ಬಂತು. ಕೈಯಲ್ಲಿದ್ದ ಬೆತ್ತದಿಂದ ಕುದುರೆಯ ಪಕ್ಕೆಗೆ ಒಂದು ಬಿಟ್ಟ. ಕುದುರೆ ಒದೆಯಿತು.

ಪಕ್ಕೀರಪ್ಪ ಗೋಡೆಗೆ ಹೋಗಿ ಬಿದ್ದ. ಬಾಯಲ್ಲಿ ರಕ್ತ ಬಂತು. ಅಂಗಳದಲ್ಲಿ ಸಾವುಕಾರನ ಮೋಟಾರು ನಿಂತಿತ್ತು. ಉಚ್ಚೆಂಗೆಮ್ಮ ಅದರ ಬಾಗಿಲಿಗೆ ಕೈ ಹಾಕಿದರೆ ಡ್ರೈವರ್ ಬೇಡವೆಂದ. ಜಾಕಿಯನ್ನು ಕರೆತರಲು ಸ್ಟೇಶನ್ನಿಗೆ ಹೋಗಬೇಕಿತ್ತು. ಮೂಕಪ್ಪನ ಜಟಕಾ ಬರುವ ತನಕ ಪಕ್ಕೀರಪ್ಪ ಹುಲ್ಲಿನ ಮೇಲೆ ಬಿದ್ದಿದ್ದ. ಅಷ್ಟರಲ್ಲಿ ಕುದುರೆ ನೋಡಿಕೊಳ್ಳುವ ಸಾವುಕಾರನ ಸೈಸ ಬಂದು ಆ ಮೊಳೆಯನ್ನು ಪೂರ್ತಿ ಇಳಿಸಿ, ಉಳಿದವನ್ನೂ ಹೊಡೆದು, ತುದಿ ಮುರಿದು ತಟ್ಟಿದ. ಆ ಸುತ್ತಿಗೆಯ ಸಪ್ಪಳವನ್ನು ಪಕ್ಕೀರಪ್ಪ ಬಿದ್ದಲ್ಲಿಂದಲೇ ಕೇಳಿಸಿಕೊಂಡ. ದವಾಖಾನೆಯಲ್ಲಿ ಪಕ್ಕೆಲುಬು ಮುರಿದು ಒಳಗೆ ಚುಚ್ಚಿದೆ ಎಂದರು. ಶುಕ್ರವಾರ ಸಂಜೆ ಜೀವ ಹೋಯಿತು.

*

ಹನ್ನೊಂದು ಗಂಟೆಗೆ ಹಾಲಸಿದ್ದಪ್ಪ ಬಂದ. ಮೋಟಾರಿನಿಂದ ಇಳಿದು ರೇಶಿಮೆ ಶಲ್ಯ ಸರಿ ಮಾಡಿಕೊಂಡು ಹೆಣಕ್ಕೆ ದೊಡ್ಡ ಹಾರ ಹಾಕಿದ.

"ನನ್ನ ಬಲಗೈ ಹ್ವಾದಂಗಾತು" ಎಂದ, ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ಹನುಮಮ್ಮನ ಕಡೆ ತಿರುಗಿ, "ಎರಡರೊಳಗ ಮಣ್ಣು ಮುಗಸ್ರಿ. ಇವರೆಲ್ಲಾರೂ ಬಯಲಿಗೆ ಬರಬೇಕು. ಅವನ ಆತ್ಮಕ್ಕೂ ಅದ ಸಮಾಧಾನ."

ಎರ್ರಿಸ್ವಾಮಿ ಬಗಲಲ್ಲಿ ಹಾಳೆಗಳ ಕಟ್ಟು ಇಟ್ಟುಕೊಂಡು ಛಾಪಖಾನೆಯಿಂದ ಓಡಿ ಬಂದ. ಮಸಿ ಇನ್ನೂ ಒಣಗಿರಲಿಲ್ಲ. ಒಂದಾಣೆಗೆ ಒಂದರಂತೆ ಹೆಣದ ಮುಂದೆಯೇ ಮಾರತೊಡಗಿದ. ಉಚ್ಚೆಂಗೆಮ್ಮ ಒಂದನ್ನು ಕಸಿದುಕೊಂಡಳು. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದವಳು ಅಕ್ಷರ ಅಕ್ಷರ ಕೂಡಿಸಿ ಓದಿದಳು. ದಪ್ಪ ಅಚ್ಚಿನಲ್ಲಿ ಹೀಗಿತ್ತು: ಅಶ್ವಪಂಡಿತ ಪಕ್ಕೀರಪ್ಪನವರ ಕೊನೆಯ ಮಾತು, ಮೂರನೇ ನಂಬರ್.

*

ಬದುಕಿದ್ದಾಗ, ಪ್ರತಿ ರೇಸಿನ ದಿನ ಬೆಳಗಿನ ಜಾವ ಕುದುರೆಗಳನ್ನು ಬಯಲಲ್ಲಿ ಓಡಿಸುವಾಗ ಪಕ್ಕೀರಪ್ಪ ಬೇಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಕಣ್ಣು ಮುಚ್ಚುತ್ತಿದ್ದ. ಮೊದಲು ಕಿವಿಯ ಕೆಲಸ. ನಾಲ್ಕು ಕಾಲಿನ ಸಪ್ಪಳ ಸಮ ಬರಬೇಕು. ಒಂದು ಮೆತ್ತಗೆ ಬಿದ್ದರೆ ಆ ಕಾಲು ನೋಯುತ್ತಿದೆ. ಆಮೇಲೆ ಕಣ್ಣು ಬಿಟ್ಟು ಲದ್ದಿ ನೋಡುತ್ತಿದ್ದ, ಬಕೆಟ್ಟಿನಲ್ಲಿ ಎಷ್ಟು ನೀರು ಬಿಟ್ಟಿವೆ ನೋಡುತ್ತಿದ್ದ. ಬಿಸಿಲು ಬೀಳುವ ಹೊತ್ತಿಗೆ ಅಂಗಡಿಗೆ ಬಂದು ಕುಲುಮೆ ಹಚ್ಚುತ್ತಿದ್ದ. ಎರ್ರಿಸ್ವಾಮಿ ಸೀಮೆಎಣ್ಣೆ ಡಬ್ಬಿ ಬೋರಲು ಹಾಕಿ ಕೂತು ಪೆನ್ಸಿಲ್ ತೆಗೆಯುತ್ತಿದ್ದ.

"ಮೊದಲನೇ ರೇಸಿಗೆ ಆ ಬೂದು ಕುದುರಿ ಬ್ಯಾಡ. ಹಿಂದಿನ ಎರಡು ಸಲ ಗೆದ್ದೈತಿ, ಖರೆ. ಆಗ ಮಳಿ ಬಂದು ನೆಲ ಮೆತ್ತಗಿತ್ತು. ಇವತ್ತು ನೆಲ ಹಂಚಿನಂಗ ಐತಿ. ಅದರ ಗೊರಸು ತೆಳು. ಅರ್ಧಕ್ಕ ಕೈಬಿಡ್ತೈತಿ."

"ಎರಡನೇದಕ್ಕ?"

"ಕೆಂಪು ಹೆಣ್ಗುದುರಿ. ಹ್ವಾದ ತಿಂಗಳು ಐದನೇದು ಬಂತಂತ ಮಂದಿ ಬಿಟ್ಟಾರ. ಆಗ ಲಾಳ ಭಾರ ಇತ್ತು. ಮೊನ್ನಿ ನಾನ ಹಗುರದ್ದು ಹೊಡ್ದೀನಿ. ಮ್ಯಾಲೆ ಕುಂದ್ರೋ ಹುಡುಗನೂ ಹಗುರ ಅದಾನ."

"ಮೂರನೇದು?"

"ಅದ್ರಾಗ ಒಂದೂ ನೆಟ್ಟಗಿಲ್ಲ. ಮನ್ಯಾಗ ಕುಂದ್ರು."

"ಮನ್ಯಾಗ ಕುಂದ್ರು ಅಂತ ಬರದ್ರ ಹಾಳಿ ಯಾರು ಕೊಳ್ತಾರೋ ಮಾರಾಯ" ಎಂದು ಎರ್ರಿಸ್ವಾಮಿ ನಗುತ್ತಿದ್ದ. ಆ ಮೂರನೇದಕ್ಕೆ ತಾನೇ ಒಂದು ಹೆಸರು ಹಾಕಿಕೊಳ್ಳುತ್ತಿದ್ದ. ಅದು ಸೋಲುತ್ತಿತ್ತು. ಪಕ್ಕೀರಪ್ಪ ಹೇಳಿದ್ದು ಗೆಲ್ಲುತ್ತಿತ್ತು. ಹಾಳೆಯ ಮೇಲೆ ಮಾತ್ರ ಇಪ್ಪತ್ತು ವರ್ಷವೂ ಒಂದೇ ಹೆಸರು, ಅಶ್ವಪಂಡಿತ ಎರ್ರಿಸ್ವಾಮಿ. ಪಕ್ಕೀರಪ್ಪನ ಮಾತಿನ ಮೇಲೆ ಬಾಜಿ ಕಟ್ಟಿಯೇ ಹಾಲಸಿದ್ದಪ್ಪ ಬಳ್ಳಾರಿಯಲ್ಲಿ ಬಂಗಲೆ ಕಟ್ಟಿಸಿದ, ಕುದುರೆ ಕೊಂಡ. ಪಕ್ಕೀರಪ್ಪ ಒಂದು ಸಲವೂ ಬಾಜಿ ಕಟ್ಟಲಿಲ್ಲ. ಲಾಳಕ್ಕೆ ಕೊಟ್ಟಷ್ಟು ಕೂಲಿ ತೆಗೆದುಕೊಂಡ.

"ಹಾಳ್ಯಾಗ ನಿನ್ನ ಹೆಸರು ಎಲ್ಲೈತಪ್ಪ?" ಎಂದು ಉಚ್ಚೆಂಗೆಮ್ಮ ಒಮ್ಮೆ ಕೇಳಿದ್ದಳು.

"ಲಾಳದ ಮ್ಯಾಲೆ ಹೆಸರು ಬರೀತಾರೇನು? ಕುದುರಿಗೆ ಗೊತ್ತಿದ್ರ ಸಾಕು" ಎಂದಿದ್ದ.

*

"ಇಪ್ಪತ್ತು ವರ್ಷ ಖರೇ ಮಾತಿಗೆ ನಿನ್ನ ಹೆಸರಿತ್ತು" ಎಂದಳು ಉಚ್ಚೆಂಗೆಮ್ಮ, ಹಾಳೆಯನ್ನು ಎರ್ರಿಸ್ವಾಮಿಯ ಮುಖದ ಹತ್ತಿರ ಹಿಡಿದು. "ಇವತ್ತು ಸುಳ್ಳಿಗೆ ನಮ್ಮಪ್ಪನ ಹೆಸರೇನು?"

"ಗೌರವ ಕೊಟ್ರ ತಪ್ಪಾ?"

ಅವಳು ಸಾವುಕಾರನ ಮುಂದೆ ಹೋಗಿ ನಿಂತಳು. "ಬಿಜಲಿ ಕಾಲು ನೋಡ್ರಿ. ಹಿಂದಿನ ಎಡಗಾಲು, ಹೊರಮಗ್ಗುಲು, ಮೂರನೇ ಮೊಳಿ. ಎರಡು ದಿನಕ್ಕ ಕೀವು ತುಂಬಿರತೈತಿ. ಈಗ ತೆಗೆದ್ರ ಕುದುರಿ ಉಳಿತೈತಿ. ಓಡಿದ್ರ ಹೋಕೈತಿ. ಹ್ವಾದ ಮ್ಯಾಲೆ ಎಲ್ಲಾರೂ ಪಕ್ಕೀರ ಕೆಡಿಸಿದ ಅಂತೀರಿ."

"ಸ್ವಲ್ಪ ಎಳೀತೈತಿ ಅಷ್ಟ. ಮೈ ಬಿಸಿ ಆದ್ರ ಹೋಕೈತಿ" ಎಂದ ಹಾಲಸಿದ್ದಪ್ಪ. ಜನ ಕೇಳುತ್ತಿದ್ದರು. ಅವನು ನಕ್ಕ. "ಹೆಣ್ಣುಮಗಳು, ದುಃಖದಾಗ ಅದಾಳ. ಪಕ್ಕೀರಪ್ಪ ನನ್ನ ಉಪ್ಪು ತಿಂದಾಂವ. ಸಾಯೋ ಹೊತ್ನ್ಯಾಗ ನನ್ನ ಕುದುರಿಗೇ ಆಶೀರ್ವಾದ ಮಾಡ್ಯಾನ."

"ನಿಮ್ಮ ಉಪ್ಪಲ್ಲ. ನಿಮ್ಮ ಕುದುರಿ ಒದಿ ತಿಂದ."

ಹಿಂದಿನಿಂದ ಯಾರೋ, "ಹೊತ್ತಾತು, ಎತ್ರಲೇ" ಎಂದರು. ಹಲಗೆ ಬಡಿಯತೊಡಗಿದರು.

ಕುಣಿಯಲ್ಲಿ ಪಕ್ಕೀರಪ್ಪನನ್ನು ಕೂಡಿಸಿದ ಮೇಲೆ ಹನುಮಮ್ಮ ಇಕ್ಕಳ ಕೇಳಿದಳು. ಕೈಕೆಲಸದವನ ಹತಾರವನ್ನು ಅವನ ಜೊತೆ ಮಣ್ಣಿಗೆ ಕೊಡುವುದು ಅವರ ಮನೆತನದ ಪದ್ಧತಿ. ಉಚ್ಚೆಂಗೆಮ್ಮ ಇಕ್ಕಳವನ್ನು ಎದೆಗೆ ಒತ್ತಿ ಹಿಡಿದಿದ್ದಳು.

"ಸುತ್ತಿಗಿ ಹಾಕ್ರಿ, ಅತ್ತಿ. ಇದನ್ನ ಕೊಡಂಗಿಲ್ಲ. ಇದರ ಕೆಲಸ ಬಾಕಿ ಐತಿ."

"ಸತ್ತೋನ ಸಾಮಾನು ಇಟ್ಕೋಬಾರ್ದವ್ವ."

"ಅವನ ಹೇಳ್ಯಾನ."

ಮೂರು ಹಿಡಿ ಮಣ್ಣು ಹಾಕಿ ತಿರುಗಿ ನೋಡಿದರೆ ಹೊತ್ತುತಂದವರಲ್ಲಿ ಮೂಕಪ್ಪನೊಬ್ಬನೇ ಉಳಿದಿದ್ದ. ಕುಣಿ ಮುಚ್ಚಿದ್ದು ಅವನು, ಇಬ್ಬರು ಹೆಂಗಸರು, ಹಲಗೆಯವರು.

*

ಜಟಕಾ ದಂಡಿನ ಬಯಲು ಮುಟ್ಟಿದಾಗ ಬಿಜಲಿಯನ್ನು ಆಗಲೇ ಸಾಲಿಗೆ ನಿಲ್ಲಿಸಿದ್ದರು. ಬಾಗಿಲಲ್ಲಿದ್ದ ಕಾವಲಿನವನು ಮಣ್ಣು ಮುಗಿಸಿ ಮಿಂದು ಬಂದ ಒದ್ದೆ ಸೀರೆಯ ಹೆಂಗಸನ್ನೂ ಅವಳ ಕೈಯ ಇಕ್ಕಳವನ್ನೂ ನೋಡಿ ಕೋಲು ಅಡ್ಡ ಹಿಡಿದ. ಉಚ್ಚೆಂಗೆಮ್ಮ ಬೇಲಿಯ ಹತ್ತಿರ, ಅಪ್ಪ ಕೂರುತ್ತಿದ್ದ ಜಾಗದಲ್ಲಿ ಕೂತು ಕಣ್ಣು ಮುಚ್ಚಿದಳು.

ಬಾವುಟ ಬಿತ್ತು. ಏಳು ಕುದುರೆಗಳ ಸಪ್ಪಳ ಮಳೆಯ ಹಾಗೆ ಬಂತು. ಜನ ಮೂರು, ಮೂರು ಎಂದು ಕೂಗುತ್ತಿದ್ದರು. ಬಿಜಲಿ ತಿರುವಿನ ತನಕ ಎಲ್ಲಕ್ಕೂ ಮುಂದಿತ್ತು. ತಿರುವಿನಲ್ಲಿ ಒಂದು ಸಪ್ಪಳ ಮೆತ್ತಗಾದದ್ದು ಅವಳಿಗೆ ಕೇಳಿಸಿತು. ಆಮೇಲೆ ಅದು ಬರಲೇ ಇಲ್ಲ.

ಅವಳು ಕಣ್ಣು ತೆರೆದಾಗ ಆರು ಕುದುರೆಗಳು ಮುಂದೆ ಹೋಗಿದ್ದವು. ಬಿಜಲಿ ಮೂರು ಕಾಲ ಮೇಲೆ ನಿಂತು ನಡುಗುತ್ತಿತ್ತು.

ಕೂಗು ಒಮ್ಮೆಲೇ ನಿಂತು ಬೈಗುಳ ಶುರುವಾಯಿತು. "ಹಾಳಾಗಿ ಹೋಗ್ಲಿ ಪಕ್ಕೀರ. ಸತ್ತೂ ಮೋಸ ಮಾಡಿದ." ಬೆಳಿಗ್ಗೆ ಅವನ ಬೆರಳು ಮುಟ್ಟಿ ಕಣ್ಣಿಗೆ ಒತ್ತಿಕೊಂಡವರೇ ಹಾಳೆ ಹರಿದು ಎಸೆದು ತುಳಿದರು. ಎರ್ರಿಸ್ವಾಮಿ ಉಳಿದ ಕಟ್ಟನ್ನು ಅಂಗಿಯೊಳಗೆ ತುರುಕುತ್ತಿದ್ದ.

ಹಾಲಸಿದ್ದಪ್ಪ ಬಯಲಿಗೆ ಇಳಿದು ಬಂದ. "ಕಾಲು ಮುರದೈತಿ. ಆ ಬೋಳಿಮಗ ಲಾಳದಾಗ ಏನೋ ಮಾಡ್ಯಾನ" ಎಂದ. "ಬಂದೂಕು ತರ್ರಿ."

ಜನ ನುಗ್ಗಿದ ಕಡೆಯಿಂದ ಉಚ್ಚೆಂಗೆಮ್ಮ ಒಳಗೆ ಬಂದಳು. ಯಾರನ್ನೂ ಕೇಳಲಿಲ್ಲ. ಕುದುರೆಯ ಮೂಗು ಸವರಿದಳು. ಆಮೇಲೆ ಹಿಂದೆ ಹೋಗಿ, ಅಪ್ಪನ ಹಾಗೆಯೇ ಬಗ್ಗಿ, ಎಡಗಾಲನ್ನು ತೊಡೆಗಳ ನಡುವೆ ತೆಗೆದುಕೊಂಡಳು. ಗೊರಸು ಸುಡುತ್ತಿತ್ತು.

"ಬೆತ್ತ ಕೆಳಗಿಡ್ರಿ ಸಾವ್ಕಾರ್ರೆ" ಎಂದಳು, ತಲೆ ಎತ್ತದೆ.

ಅಷ್ಟು ಜನರ ಮುಂದೆ ಅವನು ಬೆತ್ತವನ್ನು ಬೆನ್ನ ಹಿಂದೆ ಮಾಡಿಕೊಂಡ.

ಅವಳು ಹೊರಮಗ್ಗುಲಿಗೆ ಇಕ್ಕಳದ ತುದಿ ಇಟ್ಟು ಎಲ್ಲರಿಗೂ ಕೇಳುವ ಹಾಗೆ ಎಣಿಸಿದಳು. "ಒಂದು." ಕುದುರೆ ಸುಮ್ಮನಿತ್ತು. "ಎರಡು." ಸುಮ್ಮನಿತ್ತು. "ಮೂರು." ಇಕ್ಕಳ ತಾಗಿದ ಕೂಡಲೇ ಕುದುರೆಯ ಚರ್ಮ ಕತ್ತಿನ ತನಕ ಅದುರಿತು. ಅವಳು ಮುರಿದ ತುದಿಯನ್ನು ಎಬ್ಬಿಸಿ, ಹಲ್ಲು ಕಚ್ಚಿ ಎಳೆದಳು. ಮೊಳೆಯ ಹಿಂದೆಯೇ ಕಪ್ಪು ರಕ್ತ, ಅದರ ಹಿಂದೆ ಕೀವು ಚಿಮ್ಮಿ ಅವಳ ಒದ್ದೆ ಸೀರೆಯ ಮೇಲೆ ಬಿತ್ತು. ಹತ್ತಿರ ನಿಂತವರು ಎರಡು ಹೆಜ್ಜೆ ಹಿಂದೆ ಸರಿದರು. ಬಂದೂಕು ತಂದವನು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ.

ಅವಳು ಮೊಳೆಯನ್ನು ಮೂರು ಬೆರಳಲ್ಲಿ ಎತ್ತಿ ಹಿಡಿದಳು. ಆಮೇಲೆ ಕಾಲನ್ನು ಬಿಟ್ಟಳು.

ಬಿಜಲಿ ಆ ಕಾಲನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ಹಿಡಿದಿತ್ತು. ಮೊದಲು ಗೊರಸಿನ ತುದಿ ತಾಗಿಸಿ ನೋಡಿತು. ಮತ್ತೆ ಎತ್ತಿತು. ಕೊನೆಗೆ ನಿಧಾನಕ್ಕೆ, ಹಿಮ್ಮಡಿಯ ಸಮೇತ, ಪಕ್ಕೀರಪ್ಪನ ಹೆಸರಿನ ಹರಿದ ಹಾಳೆಗಳು ಬಿದ್ದಿದ್ದ ಆ ನೆಲದ ಮೇಲೆ ಪೂರ್ತಿ ಊರಿ ನಿಂತಿತು.